ರೈಟ್ ಫ್ಲೈಯರ್, ಬ್ಲೇರಿಯೋ, ಡೆಮ್ವಾಸೆಲ್: ಕಿಟ್ ಇಲ್ಲದೆ ಕಟ್ಟುವುದಾದರೆ ಯಾವುದನ್ನು?

ಕಿಟ್ ಕೊಳ್ಳದೆ, ಒಂದೊಂದು ಕಡ್ಡಿಯನ್ನೂ ತಾವೇ ಸೀಳಿ, ತೀಡಿ, ಅಂಟಿಸಿ ಹಳೆಯ ವಿಮಾನವೊಂದರ ಮಾದರಿ ಕಟ್ಟಲು ಹೊರಟವರು ಮೂರು ಪ್ರಶ್ನೆಗಳನ್ನು ಒಂದರ ಹಿಂದೊಂದು ಕೇಳುತ್ತಾರೆ. ಯಾವ ವಿಮಾನ? ಎಷ್ಟು ದೊಡ್ಡದು? ಯಾವ ಸಾಮಗ್ರಿಯಲ್ಲಿ? ಉತ್ತರವೂ ಅದೇ ಕ್ರಮದಲ್ಲಿ ಸಿಗಬೇಕು ಅಂದುಕೊಳ್ಳುತ್ತಾರೆ. ಹೆಸರು ಕೇಳಿದ್ದೇವೆ ಅಂತ ರೈಟ್ ಸಹೋದರರ ವಿಮಾನ, ಶೋಕೇಸಿನಲ್ಲಿ ಹಿಡಿಸುತ್ತದೆ ಅಂತ 1:48 (ಮೂಲದ 48ರಲ್ಲೊಂದು ಪಾಲು), ಅಂಗಡಿಯಲ್ಲಿ ಸಿಕ್ಕಿತು ಅಂತ ಹಗುರವಾದ ಬಾಲ್ಸಾ ಮರ. ಇಷ್ಟಾದ ಮೇಲೆ ಕೆಲಸ ಅರ್ಧಕ್ಕೆ ನಿಲ್ಲುವುದು ಸಾಮಾನ್ಯವಾಗಿ ಒಂದೇ ಕಡೆ: ತಂತಿ ಕಟ್ಟುವ ಹೊತ್ತಿಗೆ.

1903ರಿಂದ 1910ರವರೆಗಿನ ವಿಮಾನವೆಂದರೆ ಕಡ್ಡಿ, ಬಟ್ಟೆ, ತಂತಿ ಈ ಮೂರೇ. ಮುಚ್ಚಿಡಲು ಹೊರಕವಚ ಇಲ್ಲ. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ಮಾಡುವವರಿಗೆ ಒಳಗಿನ ಚೌಕಟ್ಟು ಹೇಗಿದ್ದರೂ ನಡೆಯುತ್ತದೆ, ಮೇಲೆ ಬಣ್ಣ ಬಂದು ಎಲ್ಲವನ್ನೂ ಮುಚ್ಚುತ್ತದೆ. ಇಲ್ಲಿ ಎಲುಬೇ ಮೈ. ಹಾಗಾಗಿ ಮಾದರಿಯ ಅಳತೆಯನ್ನು ರೆಕ್ಕೆಯ ಉದ್ದದಿಂದ ಅಲ್ಲ, ತಂತಿಯ ದಪ್ಪದಿಂದ ನಿರ್ಧರಿಸಬೇಕು ಎನ್ನುವುದು ನನ್ನ ವಾದ. ನಿಮ್ಮ ಕೈ ನೆಟ್ಟಗೆ ಹಿಡಿದು ಬಿಗಿಯಬಲ್ಲ ಅತಿ ತೆಳ್ಳಗಿನ ಎಳೆ ಯಾವುದು ಅಂತ ಮೊದಲು ನೋಡಿಕೊಳ್ಳಿ. ಉಳಿದ ಎರಡು ಪ್ರಶ್ನೆಗಳು ತಾವಾಗಿ ಕಿರಿದಾಗುತ್ತವೆ.

ಮೊದಲು ಲೆಕ್ಕ

ರೈಟ್ ಸಹೋದರರು ಸೈಕಲ್ ಅಂಗಡಿಯವರು. ರೆಕ್ಕೆಗಳ ನಡುವೆ ಬಿಗಿದ ತಂತಿಯೂ ಸೈಕಲ್ ಕಡ್ಡಿಗೆ ಬಳಸುವ 15 ಗೇಜಿನದೇ. ಅಂದರೆ ಸುಮಾರು 1.8 ಮಿ.ಮೀ. ಇದನ್ನು 1:16ಕ್ಕೆ ಇಳಿಸಿದರೆ 0.11 ಮಿ.ಮೀ., 1:24ಕ್ಕೆ 0.075, 1:48ಕ್ಕೆ 0.04. ತಲೆಗೂದಲು ಹೆಚ್ಚುಕಡಿಮೆ 0.07 ಮಿ.ಮೀ. ದಪ್ಪ. 1:48ರಲ್ಲಿ ನಿಜವಾದ ಅಳತೆಗೆ ನಿಷ್ಠರಾಗಿರಬೇಕಾದರೆ ಕೂದಲಿಗಿಂತ ತೆಳ್ಳಗಿನದನ್ನು ಹತ್ತಾರು ಕಡೆ ಬಿಗಿಯಬೇಕು. ಸಾಧ್ಯವಿಲ್ಲ ಅಂತಲ್ಲ, ಮಾಡುವವರಿದ್ದಾರೆ. ಆದರೆ ಅದು ಬೇರೆಯೇ ಕಲೆ. ಅಲ್ಲಿ ವಿವರಗಳನ್ನು ಕಟ್ಟುವುದಿಲ್ಲ, ಸೂಚಿಸುತ್ತಾರೆ.

1:16ರಲ್ಲಿ ಲೆಕ್ಕ ಕೈಗೆಟುಕುತ್ತದೆ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುವ ಎನಾಮೆಲ್ ತಾಮ್ರದ ತಂತಿಯಲ್ಲಿ 40 ಗೇಜ್ ಎಂದರೆ 0.12 ಮಿ.ಮೀ., ಹೆಚ್ಚುಕಡಿಮೆ ಬೇಕಾದದ್ದೇ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ, ನಿಮ್ಮೂರಿನ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಾಗಲಿ ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ವಿದೇಶದಿಂದ ತರಿಸುವ ಮಾಡೆಲ್ ರಿಗ್ಗಿಂಗ್ ದಾರಕ್ಕೆ ಕೊಡುವ ದುಡ್ಡಿನಲ್ಲಿ ಜೀವಮಾನಕ್ಕಾಗುವಷ್ಟು ಬರುತ್ತದೆ. 1:10 ಅಥವಾ 1:8ಕ್ಕೆ ಹೋದರೆ ಗಿಟಾರಿನ ಅತಿ ತೆಳ್ಳನೆಯ ಉಕ್ಕಿನ ತಂತಿ, ಅಂದರೆ 0.23 ಮಿ.ಮೀ. ಸರಿಹೊಂದುತ್ತದೆ. ಅದಕ್ಕೆ ಬಣ್ಣವೂ ಬೇಡ, ಉಕ್ಕು ಉಕ್ಕಿನಂತೆಯೇ ಕಾಣುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುವುದು ಇಲ್ಲಿಗೂ ಸಲ್ಲುತ್ತದೆ. ರೈಟ್ ಫ್ಲೈಯರಿನ ರೆಕ್ಕೆಯ ಹರಹು 12.29 ಮೀಟರ್. 1:16ರಲ್ಲಿ ಅದು 768 ಮಿ.ಮೀ., 1:12ರಲ್ಲಿ ಒಂದು ಮೀಟರ್ ದಾಟುತ್ತದೆ. ಇಂಗ್ಲಿಷ್ ಕಾಲುವೆ ದಾಟಿದ ಫ್ರೆಂಚ್ ವಿಮಾನ ಬ್ಲೇರಿಯೋ 11 ಸುಮಾರು 7.8 ಮೀಟರ್, 1:16ರಲ್ಲಿ 487 ಮಿ.ಮೀ. ಸಾಂಟೋಸ್ ಡುಮಾಂಟ್ ಕಟ್ಟಿದ ಬಿದಿರಿನ ಪುಟ್ಟ ವಿಮಾನ ಡೆಮ್ವಾಸೆಲ್ ಐದು ಮೀಟರಿನ ಆಸುಪಾಸು, 1:16ರಲ್ಲಿ 320 ಮಿ.ಮೀ.ಗೂ ಕಡಿಮೆ, 1:10ರಲ್ಲಿ ಅರ್ಧ ಮೀಟರ್. ಒಂದೇ ಸ್ಕೇಲಿಗೆ ಮೂರನ್ನೂ ಕಟ್ಟಿದರೆ ಪಕ್ಕಪಕ್ಕದಲ್ಲಿಟ್ಟು ನೋಡುವ ಸುಖ ಇದೆ, ನಿಜ. ಆದರೆ ಒಂದನ್ನೇ ಕಟ್ಟುವವರು ವಿಮಾನಕ್ಕೆ ತಕ್ಕ ಸ್ಕೇಲ್ ಆರಿಸಿಕೊಳ್ಳುವುದೇ ಸರಿ.

ರೈಟ್ ಫ್ಲೈಯರ್, 1903

1903ರ ಡಿಸೆಂಬರ್ 17, ಉತ್ತರ ಕೆರೊಲೈನಾದ ಕಿಲ್ ಡೆವಿಲ್ ಹಿಲ್ಸ್. ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಅದೇ ದಿನದ ನಾಲ್ಕನೆಯದು 59 ಸೆಕೆಂಡು, 852 ಅಡಿ. ಆಮೇಲೆ ಗಾಳಿ ಹೊಡೆತಕ್ಕೆ ಮಗುಚಿಬಿದ್ದ ಆ ವಿಮಾನ ಮತ್ತೆಂದೂ ಹಾರಲಿಲ್ಲ. ಕಟ್ಟುವವರಿಗೆ ಇದರಿಂದ ಒಂದು ಅನುಕೂಲ ಇದೆ. ಇರುವುದು ಒಂದೇ ವಿಮಾನ, ಒಂದೇ ದಿನದ ರೂಪ. ಯಾವ ಮಾರ್ಪಾಟು, ಯಾವ ವರ್ಷದ್ದು ಅಂತ ತಲೆಕೆಡಿಸಿಕೊಳ್ಳಬೇಕಿಲ್ಲ.

ಆಧಾರದ ವಿಷಯದಲ್ಲಂತೂ ಇದರ ಸಮಕ್ಕೆ ಯಾವುದೂ ಇಲ್ಲ. ಮೂಲ ವಿಮಾನ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯದಲ್ಲಿದೆ. ಅದಕ್ಕೆ ಮುಂಚೆ 1928ರಿಂದ 1948ರವರೆಗೆ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿತ್ತು. ಸ್ಮಿತ್ಸೋನಿಯನ್ನಿನವರು ಇಡೀ ವಿಮಾನವನ್ನು ತ್ರೀಡಿ ಸ್ಕ್ಯಾನ್ ಮಾಡಿ ಅಂತರಜಾಲದಲ್ಲಿ ಇಟ್ಟಿದ್ದಾರೆ. ಮೌಸ್ ಹಿಡಿದು ಎಂಜಿನ್ನಿನ ಹಿಂಬದಿಗೂ ಹೋಗಿ ನೋಡಬಹುದು. ನಮಗೆ ಇನ್ನೂ ಹತ್ತಿರದ ದಾರಿ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ಅಲ್ಲಿ ಪೂರ್ಣ ಗಾತ್ರದ ಪ್ರತಿಕೃತಿ ಇದೆ. ಪ್ರತಿಕೃತಿಯಿಂದ ಅಳತೆ ತೆಗೆದುಕೊಂಡು ಮಾದರಿ ಮಾಡಬೇಡಿ, ನಕಲಿನ ನಕಲು ಆಗುತ್ತದೆ. ಆದರೆ ಎರಡು ರೆಕ್ಕೆಗಳ ನಡುವೆ ಎಷ್ಟು ಜಾಗ, ಪೈಲಟ್ ಮಲಗುವ ಜಾಗಕ್ಕೂ ಎಂಜಿನ್ನಿಗೂ ಎಷ್ಟು ದೂರ, ಮುಂದಿನ ಎಲಿವೇಟರ್ (ಮೂತಿಯನ್ನು ಏರಿಸಿ ಇಳಿಸುವ ಸಣ್ಣ ರೆಕ್ಕೆ) ಎಷ್ಟು ಚಾಚಿಕೊಂಡಿದೆ ಎನ್ನುವ ಅಂದಾಜು ನಕ್ಷೆಯಿಂದ ಬರುವುದಿಲ್ಲ, ಅದರ ಎದುರು ನಿಂತರೆ ಬರುತ್ತದೆ. ಶಾಲಾ ಮಕ್ಕಳ ಗುಂಪು ಇಲ್ಲದ ಹೊತ್ತು ನೋಡಿಕೊಂಡು ಹೋಗಿ.

ಇನ್ನೊಂದು ಅನುಕೂಲ, ಇದಕ್ಕೆ ಚಕ್ರವೇ ಇಲ್ಲ. ಹಳಿಯ ಮೇಲಿಂದ ಜಾರಿ ಏರಿ, ಮರದ ಸ್ಕಿಡ್ ಮೇಲೆ ಇಳಿಯುವ ವಿಮಾನ. ಕಡ್ಡಿಗಾಲಿ ಮಾಡುವ ಯಾತನೆ ಪೂರ್ತಿ ತಪ್ಪಿತು. ಎಂಜಿನ್ನೂ ಅಷ್ಟೇನೂ ಕಷ್ಟವಲ್ಲ. ಚಾರ್ಲಿ ಟೇಲರ್ ಕಟ್ಟಿದ 12 ಅಶ್ವಶಕ್ತಿಯ ಆ ನಾಲ್ಕು ಸಿಲಿಂಡರಿನ ಯಂತ್ರ ಅಡ್ಡಲಾಗಿ ಮಲಗಿದ ಒಂದು ಅಲ್ಯೂಮಿನಿಯಂ ಪೆಟ್ಟಿಗೆ. ಪ್ಲಾಸ್ಟಿಕ್ ಶೀಟಿನಲ್ಲಿ ಸಲೀಸಾಗಿ ಆಗುತ್ತದೆ.

ಹಾಗಾದರೆ ತೊಂದರೆ ಎಲ್ಲಿ? ಪುನರಾವರ್ತನೆಯಲ್ಲಿ. ಎರಡಂತಸ್ತಿನ ರೆಕ್ಕೆ, ಎರಡಂತಸ್ತಿನ ಎಲಿವೇಟರ್, ಎಡಬಲ ತಿರುಗಿಸುವ ಜೋಡಿ ರಡ್ಡರ್. ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿ, ಅಂದರೆ ಒಂದೇ ತರಹದ ರಿಬ್ಬನ್ನು ದಿನಗಟ್ಟಲೆ ಮಾಡುತ್ತ ಕೂರಬೇಕು. ಒಂದೇ ತರಹದ್ದು ಅನ್ನುವಾಗಲೂ ಹುಷಾರಾಗಿರಬೇಕು. ಎಂಜಿನ್ ಬಲಕ್ಕಿತ್ತು, ಪೈಲಟ್ಟಿಗಿಂತ ಭಾರ. ಅದನ್ನು ಸರಿದೂಗಿಸಲು ಬಲಗಡೆಯ ರೆಕ್ಕೆಯನ್ನು ಎಡಗಡೆಯದಕ್ಕಿಂತ ನಾಲ್ಕು ಇಂಚು ಉದ್ದ ಮಾಡಿದ್ದರು. 1:16ರಲ್ಲಿ ಅದು ಆರು ಮಿ.ಮೀ.ಗೂ ಹೆಚ್ಚು, ಕಣ್ಣಿಗೆ ಕಾಣುವಷ್ಟು. ಜೊತೆಗೆ ರೆಕ್ಕೆಯ ತುದಿಗಳು ನಡುವಿಗಿಂತ ಸುಮಾರು 25 ಸೆಂ.ಮೀ. ಕೆಳಕ್ಕೆ ಬಾಗಿವೆ. ಅಂದರೆ ಮಾದರಿಯಲ್ಲಿ 16 ಮಿ.ಮೀ. ಎರಡು ಬದಿ ಸರಿಸಮ, ನೆಟ್ಟಗಿನ ರೆಕ್ಕೆ ಇರುವ ರೈಟ್ ಫ್ಲೈಯರ್ ಮಾದರಿ ಎಲ್ಲಾದರೂ ಕಂಡರೆ, ಕಟ್ಟಿದವರು ನಕ್ಷೆ ಸರಿಯಾಗಿ ನೋಡಿಲ್ಲ ಅಂತ ತಿಳಿಯಿರಿ.

ಪ್ರೊಪೆಲ್ಲರ್ ಎರಡು, ತಿರುಗುವುದು ಒಂದಕ್ಕೊಂದು ವಿರುದ್ಧ ದಿಕ್ಕಿಗೆ. ಅದಕ್ಕೇ ಒಂದು ಬದಿಯ ಚೈನನ್ನು ಅಡ್ಡಹಾಯಿಸಿ ಎಂಟರ ಆಕಾರದಲ್ಲಿ ಹಾಕಿದ್ದಾರೆ. ಕೆತ್ತುವಾಗ ಒಂದು ಇನ್ನೊಂದರ ಕನ್ನಡಿಬಿಂಬ ಆಗಬೇಕು. ಎಂಟೂವರೆ ಅಡಿಯ ಪ್ರೊಪೆಲ್ಲರ್ 1:16ರಲ್ಲಿ 162 ಮಿ.ಮೀ., ಕೆತ್ತಲು ಖುಷಿ ಕೊಡುವ ಗಾತ್ರ. ಚೈನು ಮಾತ್ರ ಹಿಂಸೆ. 1:16ರಲ್ಲಿ ನಂಬುವಂಥ ಚೈನ್ ಬೇಕಾದರೆ ಹಿತ್ತಾಳೆ ತಗಡಿನಲ್ಲಿ ಎಚಿಂಗ್ (ರಾಸಾಯನಿಕದಿಂದ ಕೊರೆಯುವುದು) ಮಾಡಿಸುವುದೊಂದೇ ದಾರಿ.

ಬ್ಲೇರಿಯೋ 11

1909ರ ಜುಲೈ 25ರ ಬೆಳಗ್ಗೆ ಲೂಯಿ ಬ್ಲೇರಿಯೋ ಕ್ಯಾಲೆಯ ಹತ್ತಿರದಿಂದ ಹೊರಟು ಇಂಗ್ಲಿಷ್ ಕಾಲುವೆ ದಾಟಿ ಡೋವರಿನಲ್ಲಿ ಇಳಿದ. ಹಾರಾಟ ಅರ್ಧ ಗಂಟೆಗಿಂತ ತುಸು ಹೆಚ್ಚು. ಡೈಲಿ ಮೇಲ್ ಪತ್ರಿಕೆಯ ಸಾವಿರ ಪೌಂಡಿನ ಬಹುಮಾನ ಅವನದಾಯಿತು. ಆ ವಿಮಾನ ಇವತ್ತಿಗೂ ಪ್ಯಾರಿಸ್ಸಿನ ಕಲೆ ಮತ್ತು ಕಸುಬುಗಳ ಸಂಗ್ರಹಾಲಯದಲ್ಲಿ ತೂಗಾಡುತ್ತಿದೆ. ಇಂಗ್ಲೆಂಡಿನ ಓಲ್ಡ್ ವಾರ್ಡನ್‌ನ ಶಟಲ್‌ವರ್ತ್ ಸಂಗ್ರಹದಲ್ಲೂ ಅಮೆರಿಕದ ಓಲ್ಡ್ ರೈನ್‌ಬೆಕ್ಕಿನಲ್ಲೂ ಇದೇ ಮಾದರಿಯ ಹಳೆಯ ವಿಮಾನಗಳಿವೆ, ಗಾಳಿ ಇಲ್ಲದ ಸಂಜೆ ನೆಲಬಿಟ್ಟು ಮೇಲೇಳುವಂಥವು.

ನನ್ನ ಮತ ಇದಕ್ಕೇ. ಕಾರಣ ಒಂದೇ. ಇದರ ಒಡಲನ್ನು ಮುಂದಿನ ಭಾಗದಲ್ಲಿ ಬಟ್ಟೆ ಮುಚ್ಚಿ, ಹಿಂದಿನ ಭಾಗವನ್ನು ಹಾಗೇ ಬಿಟ್ಟಿದ್ದರು. ಬಾಲದ ಕಡೆಗೆ ಹೋಗುತ್ತ ಕಿರಿದಾಗುವ ಆಶ್ ಮರದ ಚೌಕಟ್ಟು, ಅದರ ಒಂದೊಂದು ಮನೆಯಲ್ಲೂ ಅಡ್ಡಡ್ಡ ಹಾಯ್ದ ತಂತಿ, ಎಲ್ಲ ಬಟಾಬಯಲು. ಕಟ್ಟುವವನ ಕೈಕೆಲಸ ಕಾಣಬೇಕೆಂದು ಬೇರೆ ವಿಮಾನಗಳಲ್ಲಿ ಒಂದು ರೆಕ್ಕೆಗೆ ಬಟ್ಟೆ ಹಾಕಿ ಇನ್ನೊಂದನ್ನು ಬರಿದಾಗಿ ಬಿಡುವ ರೂಢಿ ಇದೆ. ನೋಡಲು ಚೆಂದ, ಆದರೆ ಅಂಥ ವಿಮಾನ ಎಲ್ಲೂ ಇರಲಿಲ್ಲ. ಬ್ಲೇರಿಯೋದಲ್ಲಿ ಆ ಸುಳ್ಳೇ ಬೇಡ. ಎಲುಬನ್ನೂ ತೋರಿಸಬಹುದು, ಬಟ್ಟೆಯನ್ನೂ ತೋರಿಸಬಹುದು, ಮೂಲಕ್ಕೆ ನಿಷ್ಠೆಯಿಂದಲೂ ಇರಬಹುದು.

ಆ ಚೌಕಟ್ಟಿನ ಸಂದುಗಳಲ್ಲಿ ಬ್ಲೇರಿಯೋ ಹಾಕಿದ್ದು ಯು ಆಕಾರದ ಬೋಲ್ಟು. ನಿಂತ ಕಡ್ಡಿ, ಅಡ್ಡ ಕಡ್ಡಿ, ಉದ್ದದ ಕಡ್ಡಿ ಮೂರನ್ನೂ ಹಿಡಿದು, ಕರ್ಣದ ತಂತಿಗೂ ಅದೇ ಕೊಂಡಿ. 1:16ರಲ್ಲಿ 0.2 ಮಿ.ಮೀ. ತಂತಿಯನ್ನು ಸೂಜಿಯ ಮೇಲೆ ಬಾಗಿಸಿದರೆ ಆ ಬೋಲ್ಟು ಆಯಿತು. 36 ಗೇಜಿನ ತಾಮ್ರ ಹೇಳಿ ಮಾಡಿಸಿದ ಹಾಗಿದೆ. 1:24ಕ್ಕೆ ಇಳಿದರೆ ಬೋಲ್ಟನ್ನು ಬಿಟ್ಟು ತೂತಿನಲ್ಲಿ ತಂತಿ ತೂರಿಸಿ ಅಂಟು ಹಾಕಬೇಕಾಗುತ್ತದೆ. ಇದೊಂದು ವಿವರವೇ ನನಗೆ ಸ್ಕೇಲ್ ಹೇಳಿಬಿಡುತ್ತದೆ: ಬ್ಲೇರಿಯೋ ಕಟ್ಟುವುದಾದರೆ 1:16, ಜಾಗ ಇದ್ದರೆ 1:12, ಅದಕ್ಕಿಂತ ಚಿಕ್ಕದು ಬೇಡ.

ಕಷ್ಟಗಳೂ ಇವೆ. ಮುಖ್ಯವಾಗಿ ಮೂತಿಯಲ್ಲೇ ಕೂತ ಆಂಝಾನಿ ಎಂಜಿನ್. ಮೂರು ಸಿಲಿಂಡರ್ ಬೀಸಣಿಗೆಯಂತೆ ಹರಡಿದ 25 ಅಶ್ವಶಕ್ತಿಯ ಯಂತ್ರ, ಮುಚ್ಚಲು ಏನೂ ಇಲ್ಲ. ನೋಡುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಸಿಲಿಂಡರಿನ ಸುತ್ತ ಇರುವ ತಂಪುಗೊಳಿಸುವ ರೆಕ್ಕೆಗಳನ್ನು ಮೂರು ರೀತಿಯಲ್ಲಿ ಮಾಡಬಹುದು. ಲೇತ್ ಇದ್ದರೆ ಹಿತ್ತಾಳೆಯಲ್ಲಿ ಕಡೆಯುವುದು ಎಲ್ಲಕ್ಕಿಂತ ಚೊಕ್ಕ, ಆದರೆ ಅಷ್ಟು ಸಣ್ಣ ತೋಡಿಗೆ ಟೂಲನ್ನು ನೀವೇ ಮಸೆದು ತಯಾರಿಸಬೇಕು. ಪ್ಲಾಸ್ಟಿಕ್ ಶೀಟಿನಿಂದ ದೊಡ್ಡದೊಂದು, ಸಣ್ಣದೊಂದು ಬಿಲ್ಲೆ ಹೊಡೆದು ಒಂದರ ಮೇಲೊಂದು ಪೇರಿಸಬಹುದು. ಖರ್ಚಿಲ್ಲ, ಆದರೆ ಒಂದು ಬಿಲ್ಲೆ ಓರೆಯಾದರೂ ಇಡೀ ಸಿಲಿಂಡರ್ ಓರೆ. ಮೂರನೆಯದು ಸರಳಿಗೆ ತಂತಿ ಸುತ್ತುವುದು. ಶಾಸ್ತ್ರದ ಪ್ರಕಾರ ತಪ್ಪು, ಯಾಕೆಂದರೆ ಉಂಗುರಗಳ ಬದಲು ಸುರುಳಿ ಬರುತ್ತದೆ. ಒಂದಿಂಚಿಗೂ ಕಡಿಮೆ ಎತ್ತರದ ಸಿಲಿಂಡರಿನಲ್ಲಿ ಅದನ್ನು ಪತ್ತೆ ಹಚ್ಚುವವರು ಬೆರಳೆಣಿಕೆ. ಲೇತ್ ಇಲ್ಲದವರಿಗೆ ನಾನು ಹೇಳುವುದು ಇದನ್ನೇ.

ಈಗ ರೆಸಿನ್ ತ್ರೀಡಿ ಪ್ರಿಂಟರ್ ಬಂದು ನಾಲ್ಕನೇ ದಾರಿಯೂ ತೆರೆದಿದೆ. ಪ್ರಿಂಟ್ ಮಾಡಿದ ಎಂಜಿನ್ ಹಾಕಿದರೆ ಅದು ಸ್ವಂತ ಕಟ್ಟಿದ್ದು ಹೇಗಾದೀತು ಅಂತ ಹಳಬರು ಮೂಗು ಮುರಿಯುತ್ತಾರೆ. ಕಡತವನ್ನು ನೀವೇ ಅಳೆದು ಬರೆದಿದ್ದರೆ ಅದು ನಿಮ್ಮದೇ ಕೆಲಸ. ಬೇರೆಯವರು ಬರೆದದ್ದನ್ನು ಇಳಿಸಿಕೊಂಡಿದ್ದರೆ ಕೊಂಡು ತಂದ ಹಾಗೆ. ಗೆರೆ ಇರುವುದು ಅಲ್ಲಿ, ಯಂತ್ರದಲ್ಲಿ ಅಲ್ಲ.

ಲ್ಯಾಂಡಿಂಗ್ ಗೇರ್ ಕೂಡ ತಲೆಕೆಡಿಸುತ್ತದೆ. ಮಂಚದ ಚೌಕಟ್ಟಿನಂತೆ ಎದ್ದುನಿಂತ ಎರಡು ಉಕ್ಕಿನ ಕೊಳವೆ, ಮೇಲೆ ಕೆಳಗೆ ಮರದ ತೊಲೆ, ಅಡ್ಡಗಾಳಿಯಲ್ಲಿ ಇಳಿಯುವಾಗ ತಾವೇ ಹೊರಳಿಕೊಳ್ಳುವ ಕಡ್ಡಿಗಾಲಿಗಳು, ಹೊಡೆತ ತಡೆಯಲು ರಬ್ಬರ್. ಹಿತ್ತಾಳೆಯಲ್ಲಿ ಬೆಸುಗೆ ಹಾಕಿ ಮಾಡಿ. ಇಡೀ ಮಾದರಿಯ ಭಾರ ನಿಲ್ಲುವುದು ಇದರ ಮೇಲೆ, ಮರ ಮತ್ತು ಅಂಟನ್ನು ನಂಬಬೇಡಿ.

ಇನ್ನೊಂದು ಎಚ್ಚರಿಕೆ. ಬ್ಲೇರಿಯೋ 11 ಎಂದರೆ ಒಂದು ವಿಮಾನ ಅಲ್ಲ, ಒಂದು ಸಂಸಾರ. ಕಾಲುವೆ ದಾಟಿದ ಮೇಲೆ ಇದಕ್ಕೆ ಎಷ್ಟು ಬೇಡಿಕೆ ಬಂತೆಂದರೆ ವರ್ಷಗಟ್ಟಲೆ ಕಟ್ಟಿದರು, ಮಾರಿದರು, ತಿದ್ದಿದರು. ಮುಂದೆ ಸಿಲಿಂಡರುಗಳೇ ಸುತ್ತುವ ನೋಮ್ ರೋಟರಿ ಎಂಜಿನ್ ಬಂತು, ಬಾಲ ಬದಲಾಯಿತು. ಒಂದರ ನಕ್ಷೆ, ಇನ್ನೊಂದರ ಫೋಟೋ, ಮತ್ತೊಂದರ ಎಂಜಿನ್ ಸೇರಿಸಿದರೆ ಹುಟ್ಟುವುದು ಯಾವ ಹ್ಯಾಂಗರಿನಲ್ಲೂ ನಿಲ್ಲದ ವಿಮಾನ. ಯಾವ ಸಂಗ್ರಹಾಲಯದ ಯಾವ ವಿಮಾನ ಅಂತ ಮೊದಲೇ ತೀರ್ಮಾನಿಸಿ, ಅದರ ಫೋಟೋ ಮಾತ್ರ ನೋಡಿ.

ಡೆಮ್ವಾಸೆಲ್

ಬ್ರೆಜಿಲ್ಲಿನ ಸಾಂಟೋಸ್ ಡುಮಾಂಟ್ ಪ್ಯಾರಿಸ್ಸಿನಲ್ಲಿ 1907ರಿಂದ 1909ರವರೆಗೆ ತಿದ್ದಿ ತೀಡಿದ ಪುಟ್ಟ ವಿಮಾನ. ಬಿದಿರಿನ ಒಡಲು, ರೇಷ್ಮೆಯ ಹೊದಿಕೆ, ಪೈಲಟ್ ಕೂರುವುದು ರೆಕ್ಕೆಯ ಕೆಳಗೆ, ಎರಡು ಗಾಲಿಗಳ ನಡುವೆ. ವಿಮಾನ ವಾಲಿಸಲು ರೆಕ್ಕೆ ತಿರುಚುವ ಲಿವರ್ ಅವನ ಕೋಟಿನ ಬೆನ್ನಿಗೆ ಹೊಲಿದ ಜೇಬಿನಲ್ಲಿ! ಆತ ಇದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಯಾರು ಬೇಕಾದರೂ ಕಟ್ಟಿಕೊಳ್ಳಲಿ ಅಂತ ಬಿಟ್ಟುಬಿಟ್ಟ. 1910ರಲ್ಲಿ ಅಮೆರಿಕದ ಪಾಪ್ಯುಲರ್ ಮೆಕ್ಯಾನಿಕ್ಸ್ ಪತ್ರಿಕೆ ನಕ್ಷೆಯನ್ನೇ ಅಚ್ಚು ಹಾಕಿತು. ಹಾಗಾಗಿ ಆ ಕಾಲದ್ದೇ ನಕ್ಷೆ ಇಟ್ಟುಕೊಂಡು ಕಟ್ಟುವ ಅಪರೂಪದ ಅವಕಾಶ ಇಲ್ಲಿದೆ.

ಕರ್ನಾಟಕದಲ್ಲಿ ಕೂತು ಕಟ್ಟುವವರಿಗೆ ಬಿದಿರಿನ ಬರ ಇಲ್ಲ. ಆದರೆ ಸಣ್ಣ ಬಿದಿರನ್ನೇ ತಂದು ಹಾಗೇ ಹಾಕಿಬಿಡೋಣ ಅನ್ನುವ ಆಸೆಯನ್ನು ತಡೆದುಕೊಳ್ಳಿ. ಗಿಣ್ಣುಗಳ ಅಂತರ ಸ್ಕೇಲಿಗೆ ಬರುವುದಿಲ್ಲ. ಮೂಲದಲ್ಲಿ ಒಂದಡಿಗೊಂದು ಗಿಣ್ಣು ಇದ್ದರೆ 1:10ರಲ್ಲಿ ಮೂರು ಸೆಂ.ಮೀ.ಗೊಂದು ಬೇಕು. ತೆಳ್ಳಗಿನ ಬಿದಿರಿನಲ್ಲಿ ಅಷ್ಟು ಹತ್ತಿರ ಗಿಣ್ಣು ಎಲ್ಲಿಂದ ತರುತ್ತೀರಿ? ಮೇದರ ಹತ್ತಿರ ಚೆನ್ನಾಗಿ ಒಣಗಿದ, ಸೀಳಿದ ಬಿದಿರು ತನ್ನಿ. ಉಕ್ಕಿನ ಪಟ್ಟಿಯಲ್ಲಿ ದೊಡ್ಡದರಿಂದ ಸಣ್ಣದಕ್ಕೆ ತೂತು ಕೊರೆದು, ಒಂದೊಂದರಲ್ಲೇ ಎಳೆದು ದುಂಡು ಮಾಡಿ. ಗಿಣ್ಣಿನ ಜಾಗದಲ್ಲಿ ಹೊಲಿಗೆ ದಾರ ಒಂದು ಸುತ್ತು ಸುತ್ತಿ ಫೆವಿಕಾಲ್ ಸವರಿ, ಒಣಗಿದ ಮೇಲೆ ತೀಡಿ. ಊದುಬತ್ತಿಯ ಕಡ್ಡಿಯನ್ನೂ ಬಳಸಬಹುದು, ರಿಬ್ಬಿಗೆ ಸಾಕು, ಒಡಲಿನ ಮೂರು ಮುಖ್ಯ ಗಳಕ್ಕೆ ತೀರಾ ಸಣ್ಣದು.

ಇಷ್ಟು ಚಿಕ್ಕ ವಿಮಾನಕ್ಕೆ 1:16 ಮಾಡಿದರೆ ಕೈಗೆ ಸಿಗುವುದು ಒಂದು ಆಟಿಕೆ. 1:10 ಅಥವಾ 1:8 ಮಾಡಿ. ಆಗ ತೆಳು ರೇಷ್ಮೆ ಕೂಡ ಹೊದಿಕೆಗೆ ಒಗ್ಗೀತು, ಇದರಲ್ಲಿ ಮಾತ್ರ. ರೆಕ್ಕೆಯ ಅಡಿಯಲ್ಲಿ ಉದ್ದಕ್ಕೂ ಹಾಯುವ ನೀರಿನ ರೇಡಿಯೇಟರ್ ಕೊಳವೆಗಳು ಇದರ ಅಂದ. ತೆಳು ತಾಮ್ರದ ತಂತಿಯನ್ನು ಸಾಲಾಗಿ ಬೆಸೆದು ಮಾಡಬಹುದು. ಗಾಲಿ ಮಾತ್ರ ತಪ್ಪಿಸಿಕೊಳ್ಳಲಾಗದು. ಎದುರಿಗೇ ಇರುತ್ತವೆ, ಕಡ್ಡಿ ಲೆಕ್ಕಕ್ಕೆ ಸರಿಯಾಗಿರಬೇಕು.

ಇನ್ನಿಬ್ಬರು ಅಭ್ಯರ್ಥಿಗಳು

ಮರಗೆಲಸ ಒಗ್ಗದ, ಬೆಸುಗೆ ಕಬ್ಬಿಣ ಹಿಡಿದರೆ ಕೈ ನಡುಗದ ಜನ ಇರುತ್ತಾರೆ. ಅವರು ಸ್ವಲ್ಪ ಮುಂದಿನ ಕಾಲಕ್ಕೆ ಬಂದು ಮೊದಲ ಮಹಾಯುದ್ಧದ ಫೊಕ್ಕರ್ ಇ.3 ನೋಡಬಹುದು. ಅದರ ಒಡಲು ಬೆಸೆದ ಉಕ್ಕಿನ ಕೊಳವೆಯದು, ಮಾದರಿಯಲ್ಲಿ ಹಿತ್ತಾಳೆ ಕೊಳವೆ. 1916ರಲ್ಲಿ ಸೆರೆ ಸಿಕ್ಕ ಒಂದು ಫೊಕ್ಕರ್ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ ಬಟ್ಟೆ ಇಲ್ಲದೆ ನಿಂತಿದೆ, ಎಲುಬಿನ ಫೋಟೋಗಳಿಗೆ ಬರವಿಲ್ಲ.

ಎರಡನೆಯದು ಭಾವನೆಯ ಆಯ್ಕೆ. 1911ರ ಫೆಬ್ರವರಿ 18ರಂದು ಅಲಹಾಬಾದಿನಿಂದ ಯಮುನೆ ದಾಟಿ ನೈನಿಗೆ ಸುಮಾರು 6,500 ಪತ್ರಗಳನ್ನು ಹೊತ್ತು ಹಾರಿದ ಹಂಬರ್ ಸೊಮ್ಮೆರ್ ವಿಮಾನ. ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಅದು, ಹಾರಿಸಿದವನು ಫ್ರಾನ್ಸಿನ ಆನ್ರಿ ಪೆಕೆ. ಭಾರತದ ಆಕಾಶದಲ್ಲಿ ಹಾರಿದ್ದನ್ನೇ ಕಟ್ಟಬೇಕು ಎನ್ನುವ ಹಟ ನನಗೂ ಅರ್ಥವಾಗುತ್ತದೆ. ಆದರೆ ಬ್ಲೇರಿಯೋಗೆ ಇರುವಷ್ಟು ನಕ್ಷೆ, ಬ್ಲೇರಿಯೋಗೆ ಇರುವಷ್ಟು ಹತ್ತಿರದ ಫೋಟೋ ಇದಕ್ಕೆ ಕೈಗೆ ಸಿಗುವುದಿಲ್ಲ. ಮಸುಕಾದ ಹಳೇ ಚಿತ್ರಗಳಿಂದ ಅಳತೆ ಹಿಂಡಬೇಕು. ಮೊದಲ ಮಾದರಿಗೆ ಬೇಡ. ಎರಡು ಕಟ್ಟಿ, ಆ ಕಾಲದವರು ಸಂದು ಹೇಗೆ ಕೂಡಿಸುತ್ತಿದ್ದರು ಎನ್ನುವುದು ಕೈಗೆ ಬಂದ ಮೇಲೆ, ಕಾಣದ ಕಡೆ ಊಹಿಸುವ ಹಕ್ಕು ಬರುತ್ತದೆ.

ಮರ, ಪ್ಲಾಸ್ಟಿಕ್, ಹಿತ್ತಾಳೆ

ಬಾಲ್ಸಾ ಹಾರುವ ಮಾದರಿಗೆ ಹುಟ್ಟಿದ್ದು, ಹಗುರ ಇರುವುದೇ ಅದರ ಗುಣ. ಶೋಕೇಸಿನಲ್ಲಿ ಕೂರುವ ಮಾದರಿಗೆ ಹಗುರ ಯಾಕೆ? ಅಂಚು ಉಗುರು ತಗುಲಿದರೆ ಜಜ್ಜುತ್ತದೆ, ಎರಡು ಮಿ.ಮೀ.ಗಿಂತ ಸಣ್ಣದಾಗಿ ಸೀಳಿದರೆ ನಾರು ಎದ್ದು ಮೀಸೆ ಬಿಡುತ್ತದೆ. ವಿದೇಶದವರು ಬಾಸ್‌ವುಡ್ ಅಥವಾ ಪೇರ್ ಮರ ಹೇಳುತ್ತಾರೆ. ನಮಗೆ ಹತ್ತಿರದಲ್ಲೇ ಹಾಲೆ ಮರ ಇದೆ, ಚನ್ನಪಟ್ಟಣದ ಬೊಂಬೆಯ ಮರ. ಬಿಳಿ ಬಣ್ಣ, ಗೆರೆ ಕಾಣದಷ್ಟು ನಯ, ಚೂಪಾದ ಬ್ಲೇಡಿಗೆ ಸೊಗಸಾಗಿ ಒಗ್ಗುತ್ತದೆ. ತೆಳುವಾಗಿ ವಾರ್ನಿಶ್ ಕೊಟ್ಟರೆ ಸ್ಕೇಲಿಗಿಳಿದ ಆಶ್ ಮರದಂತೆ ಕಾಣುತ್ತದೆ. ನಿಜವಾದ ಆಶ್ ತಂದರೆ ಹೀಗಾಗುವುದಿಲ್ಲ, ಅದರ ಗೆರೆ ಪೂರ್ಣ ಗಾತ್ರದ್ದು, 1:16ರಲ್ಲಿ ಒರಟಾಗಿ ಕಾಣುತ್ತದೆ. ತೇಗವೂ ಅದೇ ಕಾರಣಕ್ಕೆ ಬೇಡ, ರಂಧ್ರ ದೊಡ್ಡದು. ಬ್ಲೇರಿಯೋನ ಶೋವಿಯೇರ್ ಪ್ರೊಪೆಲ್ಲರ್ ಪದರ ಪದರವಾಗಿ ಅಂಟಿಸಿದ ವಾಲ್‌ನಟ್ ಮರದ್ದು. ಪ್ಲೈವುಡ್ ಅಂಗಡಿಯ ವೆನೀರ್ ತುಂಡುಗಳಲ್ಲಿ ಕಂದು ಛಾಯೆಯವನ್ನು ಆರಿಸಿ, ಅಂಟಿಸಿ, ಒತ್ತಿಟ್ಟು ಕೆತ್ತಿದರೆ ಆ ಪದರಗಳ ಗೆರೆ ತಾನಾಗಿ ಮೂಡುತ್ತದೆ. ಬಣ್ಣದಲ್ಲಿ ಆ ಗೆರೆ ಬರೆಯಲು ಹೋಗಬೇಡಿ.

ಪ್ಲಾಸ್ಟಿಕ್, ಅಂದರೆ ಸ್ಟೈರಿನ್ ಶೀಟು, ಅಳತೆಗೆ ನಿಖರ, ಅಂಟು ನಿಮಿಷದಲ್ಲಿ ಹಿಡಿಯುತ್ತದೆ, ಮಳೆಗಾಲಕ್ಕೂ ಬೇಸಗೆಗೂ ಒಂದೇ ರೀತಿ ಇರುತ್ತದೆ. 1:48, 1:32ರಲ್ಲಿ ಕಟ್ಟುವವರಿಗೆ ಅದೇ ಸರಿ. ದೊಡ್ಡ ಸ್ಕೇಲಿನಲ್ಲಿ ಎರಡು ಕಡೆ ಸೋಲುತ್ತದೆ. ತಂತಿ ಬಿಗಿದರೆ ಬಾಗುತ್ತದೆ. ಮತ್ತೆ, ಮರದ ಬಣ್ಣ ಹಚ್ಚಿದ ಪ್ಲಾಸ್ಟಿಕ್ಕಿನ ಪಕ್ಕ ನಿಜವಾದ ಮರ ಇಟ್ಟರೆ ಗುಟ್ಟು ರಟ್ಟಾಗುತ್ತದೆ. ಎಂಜಿನ್, ಟ್ಯಾಂಕು, ಸಣ್ಣಪುಟ್ಟ ಪೆಟ್ಟಿಗೆಗಳಿಗೆ ಪ್ಲಾಸ್ಟಿಕ್, ಭಾರ ಹೊರುವಲ್ಲಿ ಹಿತ್ತಾಳೆ, ಉಳಿದದ್ದೆಲ್ಲ ಮರ. ಬೆರಕೆಯೇ ವಾಸಿ.

ಮಲೆನಾಡು, ಕರಾವಳಿಯವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮರದ ಚೌಕಟ್ಟಿನ ಸಂದು ಕೂಡಿಸಿ, ತಂತಿ ಮಾತ್ರ ಬಿಗಿಯಬೇಡಿ. ಮರ ತೇವ ಹೀರಿ ಉಬ್ಬಿದಾಗ ಬಿಗಿದ ತಂತಿ ಡಿಸೆಂಬರಿನಲ್ಲಿ ಜೋಲುತ್ತದೆ.

ಹೊದಿಕೆ

ರೈಟ್ ಸಹೋದರರು ಹಾಕಿದ್ದು ಮಸ್ಲಿನ್ ಬಟ್ಟೆ, ಬಣ್ಣವಿಲ್ಲ, ಲೇಪವಿಲ್ಲ. ಹಾಗಾದರೆ ಮಾದರಿಗೂ ಮಸ್ಲಿನ್ ಹಾಕೋಣ ಅನ್ನಿಸುವುದು ಸಹಜ. ಆದರೆ ಬಟ್ಟೆಯ ನೇಯ್ಗೆಯನ್ನು ಸ್ಕೇಲಿಗೆ ಇಳಿಸಲು ಬರುವುದಿಲ್ಲ. 1:16ರಲ್ಲಿ ಅತಿ ನಯವಾದ ಮಸ್ಲಿನ್ ಕೂಡ ಗೋಣಿತಾಟಿನಂತೆ ಕಾಣುತ್ತದೆ. ಮಾಡೆಲ್ ಟಿಶ್ಯೂ ಕಾಗದವೇ ಸರಿ. ಅದರ ದೊಡ್ಡ ಗುಣ ಬೆಳಕು ಬಿಟ್ಟುಕೊಡುವುದು. ಕಿಟಕಿಯ ಎದುರು ಹಿಡಿದಾಗ ಒಳಗಿನ ರಿಬ್ಬುಗಳ ನೆರಳು ಕಾಣುತ್ತದಲ್ಲ, ಆ ನೆರಳೇ ಈ ಕಾಲದ ವಿಮಾನದ ಜೀವ. ಪ್ಲಾಸ್ಟಿಕ್ ರೆಕ್ಕೆಗೆ ಅದು ಎಂದೂ ದಕ್ಕುವುದಿಲ್ಲ.

ಟಿಶ್ಯೂ ಅಂಟಿಸಿ, ನೀರು ಸಿಂಪಡಿಸಿ ಒಣಗಿಸಿದರೆ ಬಿಗಿಯುತ್ತದೆ. ಮೇಲೆ ಥಿನ್ನರಿನಲ್ಲಿ ಚೆನ್ನಾಗಿ ತೆಳುಮಾಡಿದ ಸ್ಯಾಂಡಿಂಗ್ ಸೀಲರ್, ಕಿಟಕಿ ತೆರೆದಿಟ್ಟು. ಹೆಚ್ಚು ಕೊಟ್ಟರೆ ತೆಳ್ಳಗಿನ ರೆಕ್ಕೆ ತಿರುಚಿಕೊಳ್ಳುತ್ತದೆ. ಹಳೇ ಹತ್ತಿಬಟ್ಟೆಯ ಬಣ್ಣ ಬರಲೆಂದು ಟೀ ಡಿಕಾಕ್ಷನ್ ಹಚ್ಚುವವರಿದ್ದಾರೆ. ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ, ಆದರೆ ಕಲೆ ಕಲೆಯಾಗಿ ಒಣಗುವುದೇ ಹೆಚ್ಚು. ನೀರಾಗಿಸಿದ ಅಕ್ರಿಲಿಕ್ ಬಣ್ಣ ನಂಬಿಕಸ್ಥ. ರೈಟ್ ಸಹೋದರರು ಬಟ್ಟೆಯನ್ನು 45 ಡಿಗ್ರಿ ಓರೆಯಾಗಿ ಹಾಕಿದ್ದರು, ಎಳೆಗಳೇ ಕರ್ಣದ ಬಿಗಿತ ಕೊಡಲಿ ಅಂತ. ಕಾಗದದಲ್ಲಿ ಅದನ್ನು ತೋರಿಸಬೇಕಾದರೆ ಹೊಲಿಗೆಯ ಗೆರೆಗಳನ್ನು ಓರೆಯಾಗಿ ಪೆನ್ಸಿಲ್ಲಿನಲ್ಲಿ ಎಳೆಯಿರಿ, ಅಷ್ಟು ಸಾಕು.

ತಂತಿ

ತಾಮ್ರ, ನೈಲಾನ್, ಉಕ್ಕು ಮೂರರಲ್ಲಿ ಆರಿಸಬೇಕು. ಮೀನಿನ ಗಾಳದ ನೈಲಾನ್ ದಾರ ಎಲ್ಲಕ್ಕಿಂತ ಸುಲಭ. ಎರಡು ತುದಿ ಅಂಟಿಸಿ, ಉರಿಯುವ ಊದುಬತ್ತಿಯ ತುದಿಯನ್ನು ತಾಗಿಸದೆ ಹತ್ತಿರ ಒಯ್ದರೆ ಸೆಟೆದು ನಿಲ್ಲುತ್ತದೆ. ಜೋತುಬಿದ್ದರೆ ಮತ್ತೊಮ್ಮೆ ಊದುಬತ್ತಿ. ಆದರೆ ಬೆಳಕಿಗೆ ಗಾಜಿನಂತೆ ಹೊಳೆಯುತ್ತದೆ, ಬಣ್ಣ ಹಿಡಿಯುವುದಿಲ್ಲ. ತಾಮ್ರದ ಗುಟ್ಟು ಬಳಸುವ ಮುಂಚೆ ಎಳೆಯುವುದರಲ್ಲಿದೆ. ಒಂದು ತುದಿಯನ್ನು ವೈಸಿನಲ್ಲಿ ಕಚ್ಚಿಸಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು, ಮೆಲ್ಲಗೆ ಬಿಟ್ಟುಕೊಟ್ಟಂತೆ ಅನ್ನಿಸುವವರೆಗೆ ಎಳೆಯಿರಿ. ಸುಕ್ಕು ಪೂರ್ತಿ ಹೋಗಿ ಕಡ್ಡಿಯಂತಾಗುತ್ತದೆ, ತುಸು ಗಟ್ಟಿಯೂ ಆಗುತ್ತದೆ. ಒಮ್ಮೆ ಬಾಗಿದರೆ ಮಾತ್ರ ಮುಗಿಯಿತು, ಬಿಚ್ಚಿ ಹೊಸದು ಹಾಕಬೇಕು. ಉಕ್ಕು ಕೊನೆಯವರೆಗೆ ನೆಟ್ಟಗಿರುತ್ತದೆ, ಆದರೆ ಚೌಕಟ್ಟನ್ನೇ ಎಳೆದು ಸೊಟ್ಟಗೆ ಮಾಡುವಷ್ಟು ಹಟ ಅದಕ್ಕಿದೆ. 1:10ಕ್ಕಿಂತ ದೊಡ್ಡದಕ್ಕೆ ಇರಲಿ.

ಫೆವಿಕ್ವಿಕ್ ತಂತಿಯ ತುದಿಗೆ ಬೇಕೇ ಬೇಕು. ಆದರೆ ಆರುವಾಗ ಸುತ್ತ ಬಿಳಿ ಪುಡಿ ಕೂರುತ್ತದೆ, ಗಾಳಿಯಾಡುವಲ್ಲಿ ಸೂಜಿಮೊನೆಯಷ್ಟೇ ಹಾಕಿ. ಇನ್ನು ಗಾಜಿನ ಪೆಟ್ಟಿಗೆಯನ್ನು ಮಾದರಿ ಮುಗಿದ ಮೇಲೆ ನೋಡೋಣ ಅನ್ನಬೇಡಿ. ಮನೆಯಲ್ಲಿ ಧೂಳು ಒರೆಸುವವರ ಬಟ್ಟೆ ಒಂದೇ ಸಲ ತಂತಿಗೆ ಸಿಕ್ಕಿದರೆ ಸಾಕು, ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ರೈಟ್ ಫ್ಲೈಯರಿಗೆ ಪೆಟ್ಟಿಗೆ ಮಾಡಿಸಿದರೆ ಅದು ಬಾಗಿಲಲ್ಲಿ, ಲಿಫ್ಟಿನಲ್ಲಿ ಹೋಗುತ್ತದೆಯೇ ಅಂತ ಅಳೆದುಕೊಳ್ಳಿ. ಬ್ಲೇರಿಯೋಗೆ ಆ ಚಿಂತೆ ಕಡಿಮೆ. ಮೂಲದಲ್ಲೇ ರೆಕ್ಕೆ ಕಳಚಿ ಒಡಲಿನ ಪಕ್ಕಕ್ಕೆ ಕಟ್ಟಿ ಸಾಗಿಸುವಂತೆ ಮಾಡಿದ್ದರು, ಮಾದರಿಯಲ್ಲೂ ಹಾಗೇ ಮಾಡಬಹುದು.

ಒಟ್ಟಿನಲ್ಲಿ ಮೊದಲ ಸಲ ಕಟ್ಟುವವರಿಗೆ ಬ್ಲೇರಿಯೋ, 1:16, ಹಾಲೆ ಮರ, ತಾಮ್ರದ ತಂತಿ. ಒಂದೇ ಕೆಲಸವನ್ನು ನೂರು ಸಲ ಮಾಡಿದರೂ ಬೇಸರವಾಗದ ಜಾಯಮಾನ ಇದ್ದರೆ, ಗಾಲಿ ಕಂಡರೆ ಭಯ ಇದ್ದರೆ, ರೈಟ್ ಫ್ಲೈಯರ್. ಬಿದಿರು ಸೀಳುವುದು ಗೊತ್ತಿದ್ದರೆ ಡೆಮ್ವಾಸೆಲ್, 1:10. ಯಾವುದೇ ಆಗಲಿ, ನಕ್ಷೆಯನ್ನು ಸ್ಕೇಲಿಗೆ ಪ್ರಿಂಟ್ ಹಾಕಿಸುವಾಗ ಅಂಗಡಿಯವರ ಯಂತ್ರ ಕಾಗದಕ್ಕೆ ಹೊಂದಲಿ ಅಂತ ತಾನೇ ಶೇಕಡಾ ಮೂರೋ ನಾಲ್ಕೋ ಕುಗ್ಗಿಸಿಬಿಡುತ್ತದೆ. ಉಕ್ಕಿನ ಸ್ಕೇಲು ಜೇಬಿನಲ್ಲಿಟ್ಟುಕೊಂಡು ಹೋಗಿ. ಬ್ಲೇರಿಯೋ ರೆಕ್ಕೆ ತುದಿಯಿಂದ ತುದಿಗೆ 487 ಮಿ.ಮೀ. ಬಂದರೆ ಮಾತ್ರ ದುಡ್ಡು ಕೊಡಿ.